ಮಲಗಿದವರ ಮಾತು

ಜನವರಿ ೬, ಸೋಮವಾರ

ದಿನಚರಿ ಬರೆಯುವ ಗೀಳು ನನಗೆ ಎಂದೂ ಇರಲಿಲ್ಲ. ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಸಂಜೆ ಹೆಂಡತಿಯ ಮುಂದೆ ಕಕ್ಕಿಬಿಟ್ಟರೆ ಮುಗಿಯುತ್ತಿತ್ತು. ಈಗ ಅವಳ ಮೇಲೇ ಹೊಟ್ಟೆ ಉರಿಯುತ್ತಿರುವಾಗ ಯಾರಿಗೆ ಹೇಳಿಕೊಳ್ಳಲಿ? ಅಮ್ಮನಿಗೆ ಹೇಳಿದರೆ ನೀರು ಕುಡಿಯುವಷ್ಟರಲ್ಲಿ ಸೊಸೆಗೆ ಮುಟ್ಟಿಸುತ್ತಾಳೆ. ಅದಕ್ಕೇ ಊಟದ ಬಿಡುವಿನಲ್ಲಿ ಕ್ಲಿನಿಕ್ಕಿನ ಟವೆಲ್ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಫಿನಾಯಿಲ್ ವಾಸನೆ ಅವಳಿಗೆ ಆಗುವುದಿಲ್ಲವಾದ್ದರಿಂದ ಈ ಕಡೆ ಸುಳಿಯುವುದಿಲ್ಲ.

ನಮ್ಮದು ಆಸ್ಟಿಯೋಪಥಿ ಕ್ಲಿನಿಕ್ಕು. ಮಾತ್ರೆ ಇಲ್ಲ, ಸೂಜಿ ಇಲ್ಲ, ಹಿಡಿದ ಕೀಲು, ಸ್ನಾಯು ಬಿಡಿಸುವುದೆಲ್ಲ ಕೈಯಲ್ಲೇ. ಪೇಷಂಟನ್ನು ಮಲಗಿಸುವ ನನ್ನ ಟೇಬಲ್ ಪಕ್ಕದಲ್ಲೇ ಅವಳ ಟೇಬಲ್, ನಡುವೆ ಒಂದು ನೀಲಿ ಪರದೆ. ಇವತ್ತು ಪಿಟೀಲು ಮೇಷ್ಟ್ರು ಬಂದರು. ವಾದ್ಯವನ್ನು ಗಲ್ಲದ ಕೆಳಗೆ ಒತ್ತಿಕೊಂಡು ಒತ್ತಿಕೊಂಡು ಅವರ ಕತ್ತು ಎಡಕ್ಕೇ ವಾಲಿಹೋಗಿದೆ. ವರ್ಷಗಳಿಂದ ನನ್ನ ಪೇಷಂಟು. ನಾನು ಹೊಸ ಟವೆಲ್ ಹಾಸಿ ಕಾಯುತ್ತಿದ್ದರೆ, ಮನುಷ್ಯ ನನ್ನ ಟೇಬಲ್ ದಾಟಿ, ಈ ಸಲ ಮೇಡಂ ಹತ್ತಿರ ನೋಡೋಣ ಎಂದು ಗೊಣಗಿ, ಪರದೆಯಾಚೆ ನುಸುಳಿಬಿಟ್ಟರು.

ಆಮೇಲೆ ಆ ಕಡೆಯಿಂದ ಸದ್ದೇ ಇಲ್ಲ. ನನ್ನ ಟೇಬಲ್ಲಿನಲ್ಲಿ ಕೆಲಸ ನಡೆದರೆ ಇಡೀ ಕ್ಲಿನಿಕ್ಕಿಗೆ ಗೊತ್ತಾಗುತ್ತದೆ. ಕೀಲು ಟಕ್ ಎನ್ನುತ್ತದೆ, ಪೇಷಂಟು ಹಾ ಎನ್ನುತ್ತಾನೆ. ಅವಳದ್ದು ಏನು? ಹಿಡಿದುಕೊಂಡು ಕೂರುವುದು. ಹಾಗೆ ಹಿಡಿದುಕೊಂಡಿರಲು ಬಸ್ಸಿನ ಕಂಬಕ್ಕೆ ಜೋತುಬಿದ್ದವರಿಗೂ ಬರುತ್ತದೆ. ಬಹಳ ಹೊತ್ತಾದ ಮೇಲೆ ಮೇಷ್ಟ್ರು ನಿದ್ದೆಯಿಂದೆದ್ದ ಕೂಸಿನ ಮುಖ ಮಾಡಿಕೊಂಡು ಹೊರಬಂದರು. ಕೌಂಟರಿನಲ್ಲಿ ಮುಂದಿನ ವಾರಕ್ಕೂ ಮೇಡಂ ಹೆಸರಿಗೇ ಬರೆಸಿದರು. ಹೋಗುವಾಗ ನನ್ನ ಕಡೆ ತಿರುಗಿ ನಕ್ಕರು. ಬಲಕ್ಕೆ ತಿರುಗಿ! ನಾನು ಇಷ್ಟು ವರ್ಷ ತಿಣುಕಿದರೂ ಆ ಕತ್ತು ಅಷ್ಟು ಬಲಕ್ಕೆ ತಿರುಗಿರಲಿಲ್ಲ.

ಜನವರಿ ೮, ಬುಧವಾರ

ಅವಳಿಗೆ ಈ ವಿದ್ಯೆಯ ಓನಾಮ ಹೇಳಿಕೊಟ್ಟವನು ನಾನು. ಮದುವೆಯಾದಾಗ ಬ್ಯಾಂಕಿನಲ್ಲಿ ಕೂರುತ್ತಿದ್ದಳು. ನನ್ನನ್ನು ನೋಡಿ ಅದನ್ನು ಬಿಟ್ಟು ಈ ಕಡೆ ಬಂದಳು. ಮೊದಲ ಪಾಠ ನಮ್ಮ ಮನೆಯ ಊಟದ ಮೇಜಿನ ಮೇಲೇ ಆಯಿತು, ಅಮ್ಮನನ್ನು ಮಲಗಿಸಿಕೊಂಡು.

ಆವತ್ತು ಹೇಳಿದ್ದು ಇಷ್ಟೇ. ಕೆಟ್ಟ ಕೀಲು ಒಂದು ಕಡೆಗೆ ಸಲೀಸಾಗಿ ಹೋಗುತ್ತದೆ, ಇನ್ನೊಂದು ಕಡೆಗೆ ನಡುವೆಯೇ ನಿಂತುಬಿಡುತ್ತದೆ. ನಿಲ್ಲುವ ಜಾಗಕ್ಕೆ ತಡೆ ಎನ್ನುತ್ತೇವೆ. ತಡೆಯ ಕಡೆಗೇ ಒಯ್ದು ಅದನ್ನು ದಾಟಿಸಿದರೆ ನೇರ ವಿಧಾನ. ತಡೆಗೆ ಬೆನ್ನು ಹಾಕಿ, ಮೈ ಸಲೀಸಾಗಿ ಹೋಗುವ ಕಡೆಗೇ ಒಯ್ದು, ಅದು ತಾನಾಗಿ ಬಿಡುವವರೆಗೆ ಹಿಡಿದಿದ್ದರೆ ಪರೋಕ್ಷ. ಆಮೇಲೆ ದುಡಿಯುವವರು ಯಾರು ಎಂದು ಇನ್ನೊಂದು ವಿಂಗಡಣೆ: ಪೇಷಂಟು ಸುಮ್ಮನೆ ಬಿದ್ದಿದ್ದು ಎಲ್ಲ ನಾವೇ ಮಾಡುವುದು ಒಂದು ಬಗೆ, ಅವರೂ ನಮ್ಮ ಕೈಗೆದುರಾಗಿ ಸ್ನಾಯು ಬಿಗಿದೋ ಉಸಿರೆಳೆದೋ ಕೈಜೋಡಿಸುವುದು ಇನ್ನೊಂದು ಬಗೆ. ಈ ಖಾನೆಗಳು ಗೊತ್ತಿದ್ದರೆ ಪುಸ್ತಕದಲ್ಲಿರುವ ಉದ್ದುದ್ದ ಹೆಸರುಗಳೆಲ್ಲ ತಮ್ಮ ತಮ್ಮ ಜಾಗ ಹುಡುಕಿಕೊಂಡು ಕೂರುತ್ತವೆ.

ಅವಳು ಅಮ್ಮನ ಭುಜದ ಮೇಲೆ ಕೈಯಿಟ್ಟುಕೊಂಡು, ಯಾವ ಕಡೆ ಹೋಗಬೇಕು ಅಂತ ಈ ಭುಜಾನೇ ಕೇಳಿದ್ರೆ ಆಗಲ್ವಾ ಎಂದಿದ್ದಳು. ನಾನು ನಕ್ಕಿದ್ದೆ. ಆಗಲೇ ಬಾಯಿ ಮುಚ್ಚಿಸಿ ವಾಪಸು ಬ್ಯಾಂಕಿಗೆ ಕಳಿಸಬೇಕಿತ್ತು.

ಜನವರಿ ೧೧, ಶನಿವಾರ

ದೊಡ್ಡ ಡಾಕ್ಟರು ಇವತ್ತು ಬಾಂಬ್ ಹಾಕಿದರು. ಈ ಕ್ಲಿನಿಕ್ ಕಟ್ಟಿದವರು ಅವರು, ನಮ್ಮಿಬ್ಬರ ಗುರುಗಳು. ಶನಿವಾರ ಮಧ್ಯಾಹ್ನ ಕಲಿಯಲು ಬರುವವರಿಗೆ ಈ ವಿಂಗಡಣೆಯ ಪಾಠವನ್ನು ಮೊದಲಿನಿಂದಲೂ ಅವರೇ ಮಾಡುತ್ತಿದ್ದಾರೆ. ಮಣಿಕಟ್ಟು ಸೋತಿದೆ, ಇನ್ನು ಸಾಕು ಎಂದರು. ಮುಂದಿನ ತಿಂಗಳಿಂದ ಪಾಠ ನಮ್ಮಿಬ್ಬರಲ್ಲಿ ಒಬ್ಬರಿಗಂತೆ. ಶನಿವಾರದ ಪಾಠ ಯಾರದೋ ಕ್ಲಿನಿಕ್ಕಿನಲ್ಲಿ ಕೊನೆಯ ಮಾತೂ ಅವರದೇ ಎನ್ನುವುದು ಇಲ್ಲಿ ಕಸ ಗುಡಿಸುವವರಿಗೂ ಗೊತ್ತು.

ಆರಿಸುವುದು ನಮ್ಮಲ್ಲಿಯ ಪದ್ಧತಿಯಂತೆ. ಯಾವ ವಿಧಾನ ನಡೆಯಿತು ಎಂದು ಇಲ್ಲಿ ಮಾಡಿದವರು ಹೇಳುವಂತಿಲ್ಲ, ಮಲಗಿದವರು ಹೇಳಬೇಕು. ದೊಡ್ಡ ಡಾಕ್ಟರು ಮಾಡುವವರ ಕಿವಿಯಲ್ಲಿ ನೇರ ಎಂದೋ ಪರೋಕ್ಷ ಎಂದೋ ಉಸುರುತ್ತಾರೆ. ಮಲಗಿದವರು ಕಣ್ಣು ಮುಚ್ಚಿಕೊಂಡಿರಬೇಕು. ಕೆಲಸ ಮುಗಿದ ಮೇಲೆ ತಮ್ಮ ಮೈಗೆ ಏನಾಯಿತು ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಎರಡೂ ತಾಳೆಯಾದರೆ ಕೈ ಪಾಸು, ಇಲ್ಲದಿದ್ದರೆ ನಪಾಸು. ವಾದ ಮಾಡುವಂತಿಲ್ಲ. ನಿನ್ನ ಕೈ ಏನು ಮಾಡಿತು ಅಂತ ನಿನಗಿಂತ ಅವರ ಮೈಗೆ ಚೆನ್ನಾಗಿ ಗೊತ್ತು ಎನ್ನುತ್ತಾರೆ ದೊಡ್ಡ ಡಾಕ್ಟರು. ಮಲಗಿ ಸುಳ್ಳು ಹೇಳಿದವರು ಇದುವರೆಗೆ ಯಾರೂ ಇಲ್ಲ, ಹೇಳಿ ಕೆಟ್ಟ ಕೈಯನ್ನು ಪಾಸು ಮಾಡಿದರೆ ನಾಳೆ ಕತ್ತು ಉಳುಕಿಸಿಕೊಳ್ಳುವವರು ತಾವೇ ತಾನೆ.

ಕೊನೆಯ ಶನಿವಾರ ಅವಳು ನನ್ನ ಕೈಯಡಿ, ನಾನು ಅವಳ ಕೈಯಡಿ. ಬಸ್ಸಿನಲ್ಲಿ ಬರುವಾಗ, ನಿಮಗೇ ಸಿಗತ್ತೆ ಬಿಡ್ರೀ ಎಂದಳು. ಆ 'ಬಿಡ್ರೀ' ಮೈ ಪರಚಿತು. ಕನಿಕರವೋ ಜಂಭವೋ, ಎರಡೂ ನನಗೆ ಬೇಕಿರಲಿಲ್ಲ. ಕಿಟಕಿ ಕಡೆ ತಿರುಗಿ ಕೂತೆ. ತಿರುಗಲು ಕತ್ತು ನೋಯಿತು. ಎಡಕ್ಕೆ ಹೋಗುವುದೇ ಇಲ್ಲ ಈಚೆಗೆ. ಅವಳಿಗೆ ಹೇಳಲಿಲ್ಲ.

ಜನವರಿ ೧೬, ಗುರುವಾರ

ಅವಳ ಪೇಷಂಟುಗಳು ಕಾಯುವ ಬೆಂಚು ಭರ್ತಿ. ನನ್ನ ಬೆಂಚಿನಲ್ಲಿ ಒಬ್ಬನೇ ಒಬ್ಬ ಕೂತಿದ್ದ, ಅವನೂ ಪಾರ್ಸೆಲ್ ಕೊಡಲು ಬಂದವನು.

ಮನೆಯಲ್ಲಿ ಅಮ್ಮ ನನ್ನ ಕೈ ಕಂಡರೆ ಭುಜ ಮುಚ್ಚಿಕೊಳ್ಳುತ್ತಾಳೆ, ಸೊಸೆ ಕರೆದರೆ ಮರುಮಾತಿಲ್ಲದೆ ಹೋಗಿ ಮಲಗುತ್ತಾಳೆ. ಹೆತ್ತ ತಾಯಿಯೇ ಪಕ್ಷಾಂತರ ಮಾಡಿದ ಮೇಲೆ ಪಿಟೀಲು ಮೇಷ್ಟ್ರನ್ನು ಏನನ್ನಲಿ?

ಜನವರಿ ೨೦, ಸೋಮವಾರ

ಅವಳು ಹಲ್ಲು ನೋವೆಂದು ರಜೆ ಹಾಕಿದ್ದಳು. ಮೇಷ್ಟ್ರಿಗೆ ತಿಳಿದಿರಲಿಲ್ಲ. ಭಾನುವಾರ ದೊಡ್ಡ ಕಾರ್ಯಕ್ರಮ ಇದೆಯಂತೆ, ಕತ್ತು ಸ್ವಲ್ಪ ಹಿಡಿದಿದೆಯಂತೆ. ನಾಳೆ ಬರಲಾ ಎಂದು ಹಿಂದೆಮುಂದೆ ನೋಡುತ್ತಿದ್ದವರನ್ನು ನಾನೇ ಕೈ ಹಿಡಿದು ಕರೆತಂದು ಮಲಗಿಸಿದೆ.

ಮೊದಲು ಬೆರಳಿಟ್ಟು ಯಾವ ಕೀಲು ನಿಂತಿದೆ ಎಂದು ಒಂದೊಂದಾಗಿ ನೋಡಬೇಕು. ನನಗೆ ಅಷ್ಟು ಪುರುಸೊತ್ತೆಲ್ಲಿ? ಟಕ್ ಎನ್ನಿಸಬೇಕಿತ್ತು, ರಜೆಯೆಂದು ತಿಳಿಯದೆ ಬಂದು ಹೊರಗೆ ಕೂತ ಅವಳ ಪೇಷಂಟುಗಳ ಕಿವಿ ನೆಟ್ಟಗಾಗುವ ಹಾಗೆ. ಎನ್ನಿಸಿದೆ. ಜೋರಾಗಿಯೇ ಬಂತು. ಮೇಷ್ಟ್ರು ಹಾ ಎನ್ನಲಿಲ್ಲ. ಎದ್ದು ಕೂತು, ಪಿಟೀಲು ಹಿಡಿಯುವವರಂತೆ ಎಡಗೈ ಎತ್ತಿ, ಅರ್ಧಕ್ಕೇ ಇಳಿಸಿದರು.

ಸದ್ದು ಬಂದದ್ದು ಮೇಲಿನ ಕೀಲಿನಿಂದ. ಅದು ಮೊದಲೇ ಸಡಿಲ ಇತ್ತು, ಕರೆದರೆ ಸಾಕು ಓಗೊಡುವಂಥದ್ದು. ನಿಂತ ಕೀಲು ನಿಂತೇ ಇತ್ತು, ಅದರ ಸುತ್ತ ಇದ್ದ ಸ್ನಾಯುಗಳೆಲ್ಲ ಹೆದರಿ ಸೆಟೆದುಕೊಂಡಿದ್ದವು. ಸದ್ದನ್ನೇ ನಂಬಿ ಮೋಸಹೋಗುವುದು ಕಲಿಯಲು ಬಂದ ಮೊದಲ ವಾರದವರು ಮಾಡುವ ಎಡವಟ್ಟು. ಎರಡು ದಿನದಲ್ಲಿ ಸರಿಹೋಗುತ್ತದೆ ಎಂದೆ. ಅವರು ತಲೆಯಾಡಿಸಲು ಹೋಗಿ ಮುಖ ಸಿಂಡರಿಸಿದರು.

ಜನವರಿ ೨೩, ಗುರುವಾರ

ಮೇಷ್ಟ್ರು ಮೂರು ದಿನವೂ ಬಂದು ಅವಳ ಟೇಬಲ್ಲಿನಲ್ಲಿ ಮಲಗಿದರು. ಇವತ್ತು ಕೈ ಮೇಲಕ್ಕೆ ಹೋಯಿತು. ನಾನು ಮಾಡಿದ ಎಡವಟ್ಟನ್ನು ಅವಳು ಬೆರಳಿಟ್ಟ ಕೂಡಲೇ ಕಂಡಿರುತ್ತಾಳೆ. ಒಂದು ಮಾತು ಆಡಲಿಲ್ಲ, ದೊಡ್ಡ ಡಾಕ್ಟರಿಗೂ ಹೇಳಲಿಲ್ಲ. ಬೈದಿದ್ದರೆ ನಾನೂ ತಿರುಗಿಬೀಳಬಹುದಿತ್ತು. ಸುಮ್ಮನಿದ್ದು ದೊಡ್ಡವಳಾಗಿಬಿಟ್ಟಳು. ಇವಳ ಈ ಒಳ್ಳೆಯತನ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಜನವರಿ ೨೫, ಶನಿವಾರ

ಪಾಠ ನನಗೆ ಸಿಕ್ಕಿತು.

ಕೋಣೆಯ ತುಂಬ ಕಲಿಯುವವರು. ಮೊದಲು ಅವಳು ಮಲಗಿದಳು. ನನಗೆ ಬಂದದ್ದು ನೇರ, ಬೆನ್ನಿನ ನಡುಭಾಗ. ಮೇಷ್ಟ್ರ ಕತ್ತು ನೆನಪಿದ್ದುದರಿಂದ ಈ ಸಲ ಬೆರಳಿಟ್ಟು ನೋಡಿಯೇ ಮಾಡಿದೆ. ಅವಳು ಕಣ್ಣು ಮುಚ್ಚಿಕೊಂಡೇ, ನೇರ, ಜಾಗ ಸರಿಯಾಗಿ ಹಿಡಿದ್ರು, ಚೂರೂ ನೋವಾಗಲಿಲ್ಲ ಎಂದಳು. ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದಳು.

ಆಮೇಲೆ ನಾನು. ಅವಳ ಕೈ ನನ್ನ ಕತ್ತಿನ ಕೆಳಗೆ ಬಂತು. ಅವಳ ಟೇಬಲ್ಲಿಗೆ ಮೈ ಕೊಟ್ಟು ಎಷ್ಟೋ ತಿಂಗಳಾಗಿತ್ತು. ನಾನು ಹೇಳದಿದ್ದರೂ ಎಡಕ್ಕೆ ಹೋಗದು ಎಂದು ಅವಳಿಗೆ ಆ ಕ್ಷಣವೇ ತಿಳಿಯಿತು. ಬಲಕ್ಕೆ ಒಯ್ದಳು, ಕತ್ತು ತಾನಾಗಿ ಹೋಗಬೇಕೆನ್ನುವ ಕಡೆಗೆ, ಅದು ಸಾಕು ಎನ್ನುವವರೆಗೆ. ಅಲ್ಲೇ ಇದ್ದಳು. ಏನೂ ನಡೆಯುತ್ತಿಲ್ಲ ಎಂದುಕೊಳ್ಳುವಷ್ಟರಲ್ಲಿ ಒಳಗೆ ಬೆನ್ನಿನವರೆಗೂ ಬಿಟ್ಟಿತು. ಮುಚ್ಚಿದ ಕಣ್ಣಿನಲ್ಲಿ ನೀರು ಬಂತು. ಅಷ್ಟು ಚೆನ್ನಾಗಿತ್ತು. ಅಷ್ಟು ಚೆನ್ನಾಗಿದ್ದದ್ದನ್ನೇ ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

"ನೇರ" ಎಂದೆ. "ತಡೆ ಕಡೆಗೇ ತಗೊಂಡು ಹೋದಳು. ಒತ್ತಿದಳು."

ದೊಡ್ಡ ಡಾಕ್ಟರು ಇನ್ನೊಮ್ಮೆ ಕೇಳಿದರು. ನಾನು ಇನ್ನೊಮ್ಮೆ ನೇರ ಎಂದೆ. ಅವಳ ಕೈ ಸ್ವಲ್ಪ ಹೊತ್ತು ನನ್ನ ಕತ್ತಿನ ಕೆಳಗೇ ಇತ್ತು, ಆಮೇಲೆ ಹೋಯಿತು. ಅವಳ ಕಿವಿಯಲ್ಲಿ ಹೇಳಿದ್ದು ಪರೋಕ್ಷ ಎಂದು ದೊಡ್ಡ ಡಾಕ್ಟರು ಎಲ್ಲರಿಗೂ ತಿಳಿಸಿದರು. ಅಲ್ಲಿಗೆ ಮುಗಿಯಿತು. ಸಲೀಸು ಯಾವ ಕಡೆ, ತಡೆ ಯಾವ ಕಡೆ ಎಂದೇ ಗೊತ್ತಾಗದ ಕೈಗೆ ಯಾರು ಪಾಠ ಕೊಡುತ್ತಾರೆ?

ಕತ್ತು ಈಗ ಎರಡೂ ಕಡೆ ತಿರುಗುತ್ತಿದೆ.

ಜನವರಿ ೨೭, ಸೋಮವಾರ

ಜಗಳಕ್ಕೆ ಸಿದ್ಧನಾಗಿದ್ದೆ. ಭಾನುವಾರ ಪೂರ್ತಿ ಕಾದೆ. ಅವಳು ಬಟ್ಟೆ ಮಡಿಸಿದಳು, ಅಮ್ಮನ ಉಗುರು ಕತ್ತರಿಸಿದಳು, ಚೆನ್ನಾಗಿ ಮಾಡಿ ಪಾಠ ಎಂದಳು. ಅಷ್ಟೇ. ಮಾತಿನಲ್ಲಿ ಕೊಂಕಿದೆಯೇ ಎಂದು ಮೈಯೆಲ್ಲ ಕಿವಿಯಾಗಿ ಕೇಳಿದೆ. ಇರಲಿಲ್ಲ. ಒಳಗೊಳಗೇ ಕುದಿಯುತ್ತಿರುತ್ತಾಳೆ, ಕುದಿಯಲಿ.

ಜನವರಿ ೩೦, ಗುರುವಾರ

ಇವತ್ತು ಅವಳ ಬೆಂಚಿನಲ್ಲಿ ಇಬ್ಬರೇ. ಉಳಿದವರನ್ನೆಲ್ಲ ನನ್ನ ಕಡೆಗೆ ಬರೆಯಲು ಕೌಂಟರಿನಲ್ಲಿ ಅವಳೇ ಹೇಳಿದ್ದಾಳಂತೆ. ಪಿಟೀಲು ಮೇಷ್ಟ್ರನ್ನೂ. ದಾರಿಗೆ ಬಂದಳು ಎಂದು ಒಳಗೇ ಕುಣಿದಾಡಿದೆ. ಮೇಷ್ಟ್ರು ಮಾತ್ರ ಗಂಟುಮುಖ ಹಾಕಿಕೊಂಡು ಬಂದರು. ಅವರ ಕತ್ತಿಗೆ ಟಕ್ ಎನ್ನಿಸಲು ಕೈ ಬರಲಿಲ್ಲ. ಮತ್ತೆ ಸಡಿಲ ಕೀಲು ಕೂಗಿಕೊಂಡರೆ ಮಾನ ಹೋಗುತ್ತದೆ. ಸುಮ್ಮನೆ ಹಿಡಿದುಕೊಂಡು ಯೋಚಿಸುತ್ತ ನಿಂತೆ. ಸ್ವಲ್ಪ ಹಗುರಾಯಿತು ಎಂದರು. ಉಪಚಾರಕ್ಕೆ ಹೇಳಿರಬೇಕು.

ಫೆಬ್ರವರಿ ೪, ಮಂಗಳವಾರ

ಮನೆಯಲ್ಲಿ ಅವಳು ದಿಂಬಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ನಾನು ಬಂದದ್ದು ನೋಡಿ ಎದ್ದಳು. ಆಮೇಲೆ ಅಮ್ಮನನ್ನು ಮಲಗಿಸಿ, ಭುಜ ಒಂದು ಕಡೆ ತಿರುಗಿಸಿ ಹೀಗೆ ಸಲೀಸೋ, ಇನ್ನೊಂದು ಕಡೆ ತಿರುಗಿಸಿ ಹೀಗೆ ಸಲೀಸೋ ಎಂದು ಬಾಯಿಬಿಟ್ಟು ಕೇಳುತ್ತಿದ್ದಳು. ಅಮ್ಮನಿಗೆ ರೇಗಿತು. "ಮೊದಲೆಲ್ಲ ಕೇಳ್ತಾನೇ ಇರ್ಲಿಲ್ಲ. ಈಗೇನು ಪರೀಕ್ಷೆ ಮಾಡ್ತೀಯ ನನ್ನ?" ಎಂದಳು. ನನಗೆ ನಗು ಬಂತು. ಸೋತವರು ಹೀಗೆ ಏನೇನೋ ಹೊಸ ಆಟ ಹೂಡುತ್ತಾರೆ.

ಫೆಬ್ರವರಿ ೮, ಶನಿವಾರ

ನನ್ನ ಮೊದಲ ಪಾಠ. ಹೋದ ಶನಿವಾರ ಕ್ಲಿನಿಕ್ಕಿಗೆ ರಜೆ ಇತ್ತು. ಖಾನೆಗಳ ಪಟ ಬರೆದು ಗೋಡೆಗೆ ಅಂಟಿಸಿದ್ದೆ. ನೇರ, ಪರೋಕ್ಷ, ಎರಡೂ ಸೇರಿದ್ದು, ದುಡಿಯುವುದು ಯಾರ ಬಲ, ಎಲ್ಲ ಒಂದೇ ನೋಟಕ್ಕೆ. ಎಲ್ಲರೂ ಬರೆದುಕೊಂಡರು. ಕನ್ನಡಕದ ಹುಡುಗಿಯೊಬ್ಬಳು, ಸರ್, ಮಲಗಿದವರು ತಪ್ಪು ಹೇಳಿದರೆ ಏನು ಮಾಡುವುದು ಎಂದು ಕೇಳಿದಳು. ಮಲಗಿದವರು ತಪ್ಪು ಹೇಳುವುದಿಲ್ಲ ಎಂದೆ. ನೀರು ಕುಡಿದೆ.

ಅವಳು ಪಾಠಕ್ಕೆ ಬರಲಿಲ್ಲ. ಹೊಟ್ಟೆಕಿಚ್ಚು ಇರಬೇಕು. ಇಷ್ಟು ದಿನ ನಾನು ಪಟ್ಟದ್ದು ಅವಳೂ ಸ್ವಲ್ಪ ಪಡಲಿ.

ಫೆಬ್ರವರಿ ೧೧, ಮಂಗಳವಾರ

ಒಬ್ಬ ಬಡಗಿಯ ಸೊಂಟ. ತಡೆಯ ಹತ್ತಿರ ಹೋಗಿ ನಿಂತೆ, ನೂಕುವ ಮೊದಲೇ ಬಿಟ್ಟುಬಿಟ್ಟಿತು. ಅವನಿಗೆ ಮೊದಲೇ ವಾಸಿಯಾಗಿತ್ತೇನೋ. ಈ ವಾರ ನನ್ನ ಟೇಬಲ್ಲಿನಲ್ಲಿ ಸದ್ದು ಕಡಿಮೆ ಎಂದು ಕೌಂಟರಿನವಳು ಹಾಸ್ಯ ಮಾಡಿದಳು. ನಿನ್ನ ಕೆಲಸ ನೀನು ನೋಡು ಎಂದೆ.

ಫೆಬ್ರವರಿ ೧೩, ಗುರುವಾರ

ಇವತ್ತು ಬೆಳಿಗ್ಗೆ ನಡೆದದ್ದನ್ನು ನೆನಪಿರುವಾಗಲೇ ಬರೆಯಬೇಕು. ಮರೆಯುವ ಭಯವೇನೂ ಇಲ್ಲ, ಆದರೂ.

ಅವಳು ಎದ್ದಾಗ ಕತ್ತು ಹಿಡಿದಿತ್ತು. ಈಚೆಗೆ ಸರಿಯಾಗಿ ನಿದ್ದೆ ಮಾಡುತ್ತಿಲ್ಲ. ಸ್ವಲ್ಪ ನೋಡ್ತೀರಾ ಎಂದಳು. ಕೇಳಿದಳಲ್ಲ ಎಂದು ಖುಷಿಯಾಯಿತು ನನಗೆ, ಸುಳ್ಳೇಕೆ ಹೇಳಲಿ. ಮಂಚದ ಮೇಲೇ ಮಲಗಿಸಿ ಕತ್ತಿನ ಕೆಳಗೆ ಕೈಯಿಟ್ಟೆ. ತಡೆ ಎಲ್ಲಿದೆ ಎಂದು ನೋಡಿ, ನನ್ನ ಎಂದಿನ ಕೆಲಸ ಮಾಡಿದೆ. ಅಂದರೆ ಮಾಡಿದೆ ಎಂದೇ ನಾನು ತಿಳಿದಿದ್ದೆ. ಕತ್ತು ಬಿಟ್ಟಿತು. ಅವಳು ಉದ್ದಕ್ಕೆ ಉಸಿರುಬಿಟ್ಟು, ಅಭ್ಯಾಸದಂತೆ, ಕಣ್ಣು ಮುಚ್ಚಿಕೊಂಡೇ ಹೇಳಿದಳು:

"ಪರೋಕ್ಷ."

ನನಗೆ ಪಿತ್ತ ನೆತ್ತಿಗೇರಿತು. ನನ್ನ ಜನ್ಮದಲ್ಲಿ ನಾನು ಮಾಡದ್ದನ್ನು ನನ್ನ ತಲೆಗೆ ಕಟ್ಟುತ್ತಿದ್ದಾಳೆ. ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಬಾಯಿಗೆ ಬಂದದ್ದು ಬಂದೇ ಬಿಟ್ಟಿತು.

"ಅವತ್ತು ನಾನು ಸುಳ್ಳು ಹೇಳಿದೆ ಅಂತ ಇವತ್ತು ನೀನು ಸುಳ್ಳು ಹೇಳ್ತೀಯಾ?"

ಅವಳು ಎದ್ದು ಕೂತಳು. ಬೈಯುತ್ತಾಳೆ ಎಂದು ಕಾದೆ. ಅವಳು ನನ್ನ ಮುಖ ನೋಡುತ್ತಲೇ ಇದ್ದಳು, ಅರ್ಥವಾಗದ ಭಾಷೆಯಲ್ಲಿ ಯಾರೋ ಮಾತಾಡಿದಂತೆ.

"ಯಾವತ್ತು?" ಎಂದಳು.

ಅವಳಿಗೆ ಗೊತ್ತೇ ಇರಲಿಲ್ಲ. ಅವಳ ಹತ್ತಿರ ಏನನ್ನೂ ಮುಚ್ಚಿಡಲು ಬಾರದ ಮುಖ ನನ್ನದು. ನಾನು ಹೇಳಬೇಕಾಗಲಿಲ್ಲ.

"ಅವತ್ತಾ? ಟೇಬಲ್ ಮೇಲೆ ಮಲಗಿಕೊಂಡಾ?" ಅವಳ ಧ್ವನಿ ಏರಲಿಲ್ಲ. "ನಾನು ನನ್ನ ಕೈಯೇ ಕೆಟ್ಟುಹೋಯ್ತು ಅಂದ್ಕೊಂಡಿದ್ದೆ ಕಣ್ರೀ. ಸಲೀಸು ಅಂತ ನನಗೆ ಅನ್ಸೋದೇ ತಡೆ ಇರಬೇಕು, ಇಷ್ಟು ದಿನ ಎಲ್ಲರ ಮೈಯನ್ನೂ ತಪ್ಪು ಕಡೆಗೇ ಎಳೀತಿದ್ನೇನೋ ಅಂತ. ಮೇಷ್ಟ್ರನ್ನ ಯಾಕೆ ಕಳಿಸಿದೆ ಅಂದ್ಕೊಂಡ್ರಿ? ಅವರಿಗೆ ಏನಾದ್ರೂ ಮಾಡಿಬಿಡ್ತೀನಿ ಅಂತ ಹೆದರಿಕೆ."

ದಿಂಬು. ಅಮ್ಮನ ಭುಜ. ಖಾಲಿ ಬೆಂಚು. ಮೂರು ವಾರ ಇದೇ ಪುಸ್ತಕದಲ್ಲಿ ಎಲ್ಲವನ್ನೂ ಬರೆದುಕೊಂಡು ನಾನು ಮೀಸೆ ತಿರುವುತ್ತಿದ್ದೆ. ನನ್ನ ಮಾತಿನ ಮೇಲೆ ಅವಳಿಗೆ ಸಿಟ್ಟು ಬಂದಿರಬಹುದು ಎಂದು ಎಣಿಸಿದ್ದೆನೇ ಹೊರತು, ನನ್ನ ಮಾತನ್ನು ನಂಬಿರಬಹುದು ಎಂದು ಒಂದು ದಿನವೂ ಹೊಳೆಯಲಿಲ್ಲ. ತನ್ನ ಕೈಗಿಂತ ಹೆಚ್ಚಾಗಿ ನನ್ನನ್ನು ನಂಬಿದ್ದಳು.

ಏನೋ ಹೇಳಲು ಹೋದೆ. ಅವಳು ಎದ್ದು ಸ್ನಾನಕ್ಕೆ ಹೋದಳು. ಬೇರೆ ಬಸ್ಸು ಹಿಡಿದಳು.

ಫೆಬ್ರವರಿ ೧೪, ಶುಕ್ರವಾರ

ಮಾತಿಲ್ಲ.

ಫೆಬ್ರವರಿ ೧೫, ಶನಿವಾರ

ಪಾಠಕ್ಕೆ ಹುಷಾರಿಲ್ಲ ಎಂದು ಹೇಳಿಕಳಿಸಿದೆ. ಏನು ಮುಖ ಹೊತ್ತು ನಿಲ್ಲಲಿ. ಅಮ್ಮ ಏನು ನಡೀತು ಎಂದು ಕೇಳಿದಳು. ಏನಿಲ್ಲ ಎಂದೆ. ಅವಳು ಸೊಸೆಯನ್ನು ಕೇಳಿದಳು. ಸೊಸೆಯೂ ಏನಿಲ್ಲ ಎಂದಳಂತೆ. ಇಷ್ಟಾದರೂ ನನ್ನನ್ನು ಬಿಟ್ಟುಕೊಡಲಿಲ್ಲ. ಈ ಸಲ ಮೈ ಉರಿಯಲಿಲ್ಲ. ಎಲ್ಲಾದರೂ ಮುಖ ಮುಚ್ಚಿಕೊಂಡು ಮಲಗಿಬಿಡೋಣ ಅನ್ನಿಸಿತು.

ಅವಳು ಅಡುಗೆಮನೆಯಲ್ಲಿದ್ದಾಗ ಅಮ್ಮನನ್ನು ಮಲಗಿಸಿ, ಅಂದು ಅವಳ ಕತ್ತಿಗೆ ನಾನು ಮಾಡಿದ್ದೇನು ಎಂದು ತಿಳಿಯಲು ಭುಜದ ಮೇಲೆ ಅದೇ ರೀತಿ ಕೈಯಿಟ್ಟೆ. ಅಮ್ಮ ಭುಜ ಮುಚ್ಚಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ನಿದ್ದೆ ಹೋಗಿದ್ದಳು. ವಯಸ್ಸಾಯಿತು, ಎಲ್ಲಿ ಬೇಕಾದರೂ ನಿದ್ದೆ ಬರುತ್ತದೆ.

ಫೆಬ್ರವರಿ ೧೮, ಮಂಗಳವಾರ

ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಬಾಗಿಲು ಹಾಕಿಕೊಂಡು ಹೇಳಿದೆ. ಅವರು ಮಣಿಕಟ್ಟಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೇಳಿದರು. ಬೈದರೆ ಬೈಯಲಿ ಎಂದುಕೊಂಡು, ಪಾಠ ಅವಳಿಗೆ ಕೊಟ್ಟುಬಿಡಿ, ನಾನು ಹಿಂದೆ ಸರಿಯುತ್ತೇನೆ, ಕಾರಣ ಏನೋ ಒಂದು ಹೇಳೋಣ ಎಂದೆ.

"ನನ್ನ ಕಿವೀಲಿ ಹೇಳಿ ಏನು ಬಂತು?" ಎಂದರು. "ಮಲಗಿದವರ ಮಾತು ಬದಲಾಯಿಸೋಕೆ ನನಗೂ ಹಕ್ಕಿಲ್ಲ. ಎಲ್ಲಿ ಮಲಗಿ ಹೇಳಿದ್ಯೋ ಅಲ್ಲೇ ಮಲಗಿ ಹೇಳು."

ಎಲ್ಲರೆದುರು. ಕನ್ನಡಕದ ಆ ಹುಡುಗಿಯೆದುರು. ಡಬ್ಬಿಯ ಊಟ ಮುಟ್ಟದೆ ಹಾಗೇ ಮುಚ್ಚಿಟ್ಟೆ.

ಫೆಬ್ರವರಿ ೨೨, ಶನಿವಾರ

ಅವಳನ್ನು ಬಾ ಎಂದು ಕರೆಯುವ ಧೈರ್ಯ ನನಗಿರಲಿಲ್ಲ. ದೊಡ್ಡ ಡಾಕ್ಟರು ಕರೆಸಿದ್ದರು. ಗೋಡೆಯ ಹತ್ತಿರ, ನಾನು ಅಂಟಿಸಿದ ಪಟದ ಕೆಳಗೆ ಕೈಕಟ್ಟಿ ನಿಂತಿದ್ದಳು.

ಶೂ ಬಿಚ್ಚಿ ಟೇಬಲ್ ಮೇಲೆ ಮಲಗಿದೆ. ಕಣ್ಣು ಮುಚ್ಚಿಕೊಂಡರೆ ಸುಲಭ ಎಂದುಕೊಂಡಿದ್ದೆ. ಆಗಲಿಲ್ಲ. ಎಲ್ಲರ ಉಸಿರೂ ಕೇಳುತ್ತಿತ್ತು.

"ಹೋದ ತಿಂಗಳು ಇಲ್ಲೇ ಮಲಗಿ ನೇರ ಅಂದಿದ್ದೆ. ಸುಳ್ಳು. ಅವಳು ಮಾಡಿದ್ದು ಪರೋಕ್ಷ. ಅಷ್ಟು ಚೆನ್ನಾಗಿ ನನಗೆ ಯಾರೂ ಮಾಡಿಲ್ಲ. ಹೊಟ್ಟೆಕಿಚ್ಚಿಗೆ ಹಾಗಂದೆ."

ಬೆಂಚೊಂದು ಕಿರುಗುಟ್ಟಿತು. ದೊಡ್ಡ ಡಾಕ್ಟರು ಗಂಟಲು ಸರಿಮಾಡಿಕೊಂಡು, ಹಾಗಾದರೆ ಆ ಕೈ ಪಾಸು, ಪಾಠ ಇವತ್ತಿನಿಂದ ಆಕೆಯದು ಎಂದರು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಸದ್ಯ.

ನಾನು ಏಳಲು ಹೋದೆ. ಅವಳು ಬಂದು, ಮಲಗೇ ಇರಿ ಎಂದಳು. ನಿದ್ದೆಯಿಲ್ಲದೆ ಮತ್ತೆ ಹಿಡಿದಿದ್ದ ಕತ್ತಿನ ಕೆಳಗೆ ಅವಳ ಕೈ ಬಂತು. ಅದೇ ಕೈ, ಆದರೆ ಮೊದಲ ವಾರ ಕಲಿಯಲು ಬಂದವರ ಕೈಯಂತೆ ಎಲ್ಲಿ ಇಡಲಿ, ಎಷ್ಟು ಇಡಲಿ ಎಂದು ಅನುಮಾನಿಸುತ್ತಿತ್ತು. ಒಂದು ಕಡೆಗೆ ಸ್ವಲ್ಪ ಒಯ್ಯುವುದು, ನಿಲ್ಲುವುದು, ವಾಪಸು ಬರುವುದು. ಅದನ್ನು ಹಾಗೆ ಮಾಡಿದವನು ನಾನು. ಎಷ್ಟು ಹೊತ್ತಾದರೂ ಆಗಲಿ ಎಂದು ಮೈಬಿಟ್ಟು ಮಲಗಿದೆ. ಕೊನೆಗೆ ಕೈ ತನ್ನ ದಾರಿ ಹಿಡಿಯಿತು, ಕತ್ತು ಬಿಟ್ಟಿತು. ಹೋದ ಸಲದಷ್ಟೇ ಚೆನ್ನಾಗಿ.

"ಪರೋಕ್ಷ" ಎಂದೆ.

ಅವಳು ಬಗ್ಗಿ, ನನಗೊಬ್ಬನಿಗೇ ಕೇಳುವಂತೆ, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿಯದವರು ಕೇಳುವ ಹಾಗೆ ಕೇಳಿದಳು.

"ನಿಜ ಹೇಳ್ತಿದೀರಾ?"

"ನಿಜ. ನಿನ್ನಾಣೆ."

ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ನೆಟ್ಟಗೆ ನಿಂತು, "ನೀವು ಇಳೀರಿ" ಎಂದಳು. ಕೋಣೆಯ ಕಡೆ ತಿರುಗಿ, "ಬೇರೆ ಯಾರಾದ್ರೂ ಬಂದು ಮಲಗ್ತೀರಾ? ನನಗೆ ಗೊತ್ತಾಗಬೇಕು" ಎಂದಳು.

ದೊಡ್ಡ ಡಾಕ್ಟರೇ ಬಂದರು. ಹತ್ತಲು ನಾನು ಕೈ ಕೊಟ್ಟೆ. ಅವಳು ಅವರ ಕತ್ತು ಹಿಡಿದು ನಿಂತಳು, ಬಹಳ ಹೊತ್ತು. ನಾನು ಸ್ಟೂಲಿನ ಮೇಲೆ ಕೂತು ಒಂದು ಶೂ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲೇ ಹಿಡಿದಿದ್ದೆ. ಮುದುಕರ ಮುಖ ಸಡಿಲವಾದದ್ದು ನನಗೆ ಕಾಣಿಸಿತು.

"ಪರೋಕ್ಷ" ಎಂದರು. "ನಿನ್ನ ಕೈ ಎಲ್ಲೂ ಹೋಗಿಲ್ಲಮ್ಮ."

ಅವಳ ಮುಖ ಅರಳಿತು. ಒಂದು ತಿಂಗಳಿಂದ ನೋಡಿರಲಿಲ್ಲ ಆ ಮುಖವನ್ನು. ಕಣ್ಣೊರೆಸಿಕೊಂಡು ಅವರನ್ನೇ ನೋಡುತ್ತ ನಕ್ಕಳು. ನನಗೆ ಆ ಮುದುಕರ ಮೇಲೆ ಎಂಥ ಹೊಟ್ಟೆಕಿಚ್ಚು ಬಂತೆಂದರೆ, ಪಿಟೀಲು ಮೇಷ್ಟ್ರ ಮೇಲೂ ಬಂದಿರಲಿಲ್ಲ, ಅವಳ ಮೇಲೂ ಬಂದಿರಲಿಲ್ಲ. ಅವರು ಹೇಳಿದ್ದು ಒಂದೇ ಒಂದು ಮಾತು. ಅದೇ ಮಾತನ್ನು ಸ್ವಲ್ಪ ಮೊದಲು ನಾನೂ ಹೇಳಿದ್ದೆ.